ಎಲ್ಲ ಸೇರಿ ಏಳು ಬೀಸಿ

ಆಗ ದೆಹಲಿಯಲ್ಲಿ ದ್ವಾರಕಾ ಎಂಬ ಬಡಾವಣೆಯೇ ಇರಲಿಲ್ಲ. ಈಗ ಮಗಳ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತರೆ ಮೆಟ್ರೋ ಹಾದುಹೋಗುವುದು ಕಾಣುತ್ತದಲ್ಲ, ಅಲ್ಲೆಲ್ಲ ಸಾಸಿವೆ ಹೊಲ. ಹೊಲಗಳ ನಡುವೆ ಒಂದು ಗಾಡಿದಾರಿ, ದಾರಿಯ ತುಂಬ ಪಾದ ಹುಗಿಯುವಷ್ಟು ಮರಳು. ಇದನ್ನು ಓದುವವರಲ್ಲಿ ನನ್ನ ವಯಸ್ಸಿನವರಿದ್ದರೆ ತಮ್ಮ ಊರಿಗೆ ಮೊದಲ ಬಸ್ಸು ಬಂದ ದಿನ ಅವರಿಗೆ ನೆನಪಿರಬಹುದು. ಮಕ್ಕಳೆಲ್ಲ ಧೂಳಿನಲ್ಲಿ ಅದರ ಹಿಂದೆ ಓಡಿದ್ದು, ಅದು ನಿಂತಾಗ ಬಿಸಿ ಎಂಜಿನ್ನಿನ ವಾಸನೆಯನ್ನು ಮೂಗರಳಿಸಿ ಎಳೆದುಕೊಂಡದ್ದು. ನನ್ನ ನೆನಪಿನಲ್ಲಿರುವುದು ಬಸ್ಸು ಬಾರದೆ ಹೋದ ಒಂದು ಚಳಿಗಾಲ. ಅದು ಬಾರದೆ ಹೋದದ್ದರಲ್ಲಿ ನನ್ನ ಪಾಲೂ ಇತ್ತು. ಬಹಳ ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಒಬ್ಬಳಿಗೆ ಹೇಳಿದೆ. ಈಗ ಬರೆಯುತ್ತಿದ್ದೇನೆ.

ನಾವು ತಿಪಟೂರಿನ ಕಡೆಯವರು. ಅಪ್ಪನಿಗೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕೆಲಸ. ದೆಹಲಿ ಎಂದರೆ ಊರಿನವರು ಕೆಂಪು ಕೋಟೆ ಅಂದುಕೊಂಡಿದ್ದರು. ಅಪ್ಪನಿಗೆ ಸಿಕ್ಕಿದ್ದು ನಗರದ ಅಂಚಿನಾಚೆ ಹೊಲಗಳ ನಡುವೆ ನೆಟ್ಟಿದ್ದ ವೈರ್‌ಲೆಸ್ ಕಂಬಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಹುದ್ದೆ. ಕ್ವಾರ್ಟರ್ಸ್ ಇನ್ನೂ ಕಟ್ಟಿರಲಿಲ್ಲ. ಹತ್ತಿರದ ಹಳ್ಳಿಯಲ್ಲಿ, ಊರ ಮುಖ್ಯಸ್ಥನಾದ ಚೌಧರಿಯ ಮನೆಯ ಹೊರಗಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗೆ ಇದ್ದೆವು. ಊರಿನ ಹೆಸರು ಬರೆಯುವುದಿಲ್ಲ. ಅವರ ಮರಿಮಕ್ಕಳು ಇಂದಿಗೂ ನಮ್ಮ ಫ್ಲ್ಯಾಟುಗಳಿಗೆ ಹಾಲು ಹಾಕುತ್ತಾರೆ.

ಅಲ್ಲಿಯ ಚಳಿಗಾಲಕ್ಕೆ ಒಂದು ವಾಸನೆ ಇತ್ತು. ಬೆಳಿಗ್ಗೆ ಬೆರಣಿಯ ಹೊಗೆ, ಮಧ್ಯಾಹ್ನ ಗಾಣದ ಕಡೆಯಿಂದ ಕುದಿಯುವ ಬೆಲ್ಲ, ಸಂಜೆ ಎಮ್ಮೆಗಳ ಮೈಯ ಬಿಸಿ. ಚೌಧರಿಯ ಹೆಂಡತಿ ಸಜ್ಜೆ ರೊಟ್ಟಿಯ ನಡುವೆ ಬೆರಳಿನಿಂದ ಗುಳಿ ಮಾಡಿ ಬೆಣ್ಣೆ ತುಂಬಿ ನನ್ನ ಕೈಗಿಡುತ್ತಿದ್ದಳು. ಅವರು ಬಥುವಾ ಎನ್ನುತ್ತಿದ್ದ ಸೊಪ್ಪನ್ನು ಕಂಡು ಅಮ್ಮ, "ಅಯ್ಯೋ, ಇದು ನಮ್ಮ ಚಕ್ಕೋತ ಸೊಪ್ಪಲ್ವೇನೋ!" ಎಂದು ಹೊಲದಲ್ಲೇ ಕೂತು ಮಡಿಲು ತುಂಬಿಕೊಂಡಳು. ಆ ದಿನ ಬಸ್ಸಾರು ಮಾಡಿ ಅವರಿಗೂ ಕೊಟ್ಟಳು. ಅವರು ಖಾರಕ್ಕೆ ಕಣ್ಣೀರು ಸುರಿಸಿಕೊಂಡು ತಿಂದರು.

ಅಲ್ಲಿ ಅಪ್ಪನ ಅಣ್ಣನ ವಯಸ್ಸಿನವರನ್ನೆಲ್ಲ 'ತಾಊ' ಎನ್ನಬೇಕು. ಅದು ಅಮ್ಮನ ಕಿವಿಗೆ 'ತಾವು' ಎಂದು ಕೇಳಿಸುತ್ತಿತ್ತು. "ನೋಡಿದ್ರಾ, ಹುಡುಗರು ಕೂಡ ದೊಡ್ಡೋರನ್ನ ತಾವು ಅಂತಾರೆ," ಎಂದು ಅಪ್ಪನಿಗೆ ಹೇಳುತ್ತಿದ್ದಳು. ಮರುಕ್ಷಣವೇ ಯಾವನೋ ಹುಡುಗ ತನ್ನ ತಾಊಗೆ ಏಕವಚನದಲ್ಲಿ ಉತ್ತರ ಕೊಟ್ಟದ್ದು ಕೇಳುತ್ತಿತ್ತು.

ಚೌಧರಿಗೆ ನಾಲ್ವರು ಹೆಣ್ಣುಮಕ್ಕಳಾದ ಮೇಲೆ ಒಬ್ಬ ಮಗ. ನಾಲ್ಕನೆಯವಳ ಹೆಸರು ಭತೇರಿ. ನನಗಿಂತ ಒಂದು ವರ್ಷ ದೊಡ್ಡವಳು. ಭತೇರಿ ಎಂದರೆ ಅವರ ಮಾತಿನಲ್ಲಿ 'ಬೇಕಾದಷ್ಟಾಯಿತು' ಎಂದರ್ಥ. ಹೆಣ್ಣು ಸಾಕು ಎಂದು ದೇವರಿಗೆ ತಿಳಿಸಲು ಇಟ್ಟ ಹೆಸರು. ನಾನು ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದಾಗ ಅವಳು, "ಹಾಗಾದ್ರೆ ಇವಳು ಸಾಕಮ್ಮ ಅನ್ನು. ನಮ್ಮೂರಲ್ಲಿ ಮನೆಗೊಬ್ಬಳಿದಾಳೆ," ಎಂದಳು. ಅಂದಿನಿಂದ ಅವಳನ್ನು ಸಾಕಮ್ಮ ಎಂದೇ ಕರೆದಳು. ಭತೇರಿಗೆ ಅದು ತುಂಬ ಹಿಡಿಸಿತು. ಅದು ಮದರಾಸಿನ ಯಾವುದೋ ರಾಣಿಯ ಹೆಸರು ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ನನಗೆ ಆ ಊರಿನ ಮಾತು ಕಲಿಸಿದವಳು ಅವಳೇ. ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಐದು ಕಲ್ಲಿಟ್ಟುಕೊಂಡು ಆಡುತ್ತಿದ್ದೆವು. ನಾನು ಒಂದು ಕಲ್ಲು ಬಿಟ್ಟರೆ ಒಂದು ಹೊಸ ಮಾತು ಕಲಿಯಬೇಕು, ಇದು ಅವಳ ಕಾನೂನು. ನಾನು ಬಹಳ ಬೇಗ ಕಲಿತೆ. ಗಂಡಸಿಗೆ ಜಣಾ, ಹಲವರಿದ್ದರೆ ಜಣೇ, ಹೆಂಗಸಿಗೆ ಲುಗಾಯಿ ಎಂದು ಕಲಿತದ್ದು ಅಲ್ಲಿಯೇ. ಇದನ್ನು ಓದುವವರು ಜಣೇ ಎಂಬ ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಬೇಕು.

ಊರಲ್ಲಿ ಐದನೆಯ ತರಗತಿಯವರೆಗೆ ಶಾಲೆ ಇತ್ತು. ಮುಂದಕ್ಕೆ ಓದಬೇಕಾದರೆ ಡಾಂಬರು ರಸ್ತೆಯ ಮೇಲಿದ್ದ ಪೇಟೆಗೆ ಹೋಗಬೇಕು. ಅಲ್ಲಿ ಗಂಡುಮಕ್ಕಳಿಗೆ ಒಂದು, ಅದರ ಪಕ್ಕದಲ್ಲೇ ಹೆಣ್ಣುಮಕ್ಕಳಿಗೆ ಒಂದು ಶಾಲೆ. ಪೇಟೆಗೆ ಹೋಗಲು ಇದ್ದದ್ದು ಒಂದೇ ಟಾಂಗಾ. ಅದರಲ್ಲಿ ಹಾಲಿನ ಕ್ಯಾನುಗಳ ನಡುವೆ ಗಂಡಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಬೀಡಿ ಸೇದುತ್ತ ಕೂರುತ್ತಿದ್ದರು. ಹೆಂಗಸರು ಅದನ್ನು ಹತ್ತುತ್ತಿರಲಿಲ್ಲ. ಭತೇರಿ ಆ ವರ್ಷ ಐದನೆಯ ತರಗತಿ. ಅವಳ ಅಕ್ಕಂದಿರು ಐದಕ್ಕೇ ಬಿಟ್ಟಿದ್ದರು. ಇವಳು ಮಾತ್ರ ಮೇಷ್ಟರು ತಪ್ಪು ಮಾಡಿದರೆ ತಿದ್ದುವಂಥವಳು.

ಪೇಟೆಯ ಶಾಲೆಗೆ ಕಳಿಸು ಎಂದು ಅವಳು ತನ್ನ ಅಪ್ಪನ ಹಿಂದೆ ಬಿದ್ದಿದ್ದಳು. ಒಂದು ದಿನ ಎಮ್ಮೆ ಕರೆಯುತ್ತಿದ್ದ ಚೌಧರಿ ತಲೆ ಎತ್ತದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವರ ಮಾತನ್ನೆಲ್ಲ ನನ್ನ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

"ಟಾಂಗಾದಲ್ಲಿ ಗಂಡಸರ ಮಧ್ಯೆ ಕೂರಿಸಿ ಕಳಿಸ್ಲಾ? ಹೊಲದಲ್ಲಿ ಒಬ್ಬಳೇ ನಡ್ಕೊಂಡು ಹೋಗು ಅನ್ಲಾ? ಜನ ನನ್ನ ಮುಖಕ್ಕೆ ಉಗೀತಾರೆ."

"ಮೋಟಾರು ಬಂದ್ರೆ?"

"ಬಂದ್ರೆ ಹೋಗು. ಸರ್ಕಾರದ ಮೋಟಾರು, ಕಂಡಕ್ಟರ್ ಇರ್ತಾನೆ. ಬೇಡ ಅನ್ನಲ್ಲ."

"ಆಣೆ?"

"ಈ ಎಮ್ಮೆ ಆಣೆ. ಈಗ ಅತ್ಲಾಗೆ ಹೋಗು, ಹಾಲು ಬಿಡ್ತಿಲ್ಲ ಇದು."

ಪೇಟೆಯಿಂದ ಸುತ್ತಲಿನ ಹಳ್ಳಿಗಳಲ್ಲಿ ಒಂದಕ್ಕೆ ಬಸ್ಸು ಬಿಡುತ್ತಾರಂತೆ ಎಂಬ ಸುದ್ದಿ ಆಗಲೇ ಟಾಂಗಾದಲ್ಲಿ ಬಂದಿತ್ತು. ಅಂದಿನಿಂದ ನಮ್ಮ ಕಲ್ಲಾಟದ ತುಂಬ ಬಸ್ಸೇ.

"ನಾನು ಕಿಟಕಿ ಹತ್ರ," ಎನ್ನುತ್ತಿದ್ದಳು.

"ನಾನು ಡ್ರೈವರ್ ಹತ್ರ."

"ಏ ಮದರಾಸಿ, ನಿಂಗೆ ವಾಂತಿ ಬರುತ್ತೆ. ನಿನ್ನ ಹಿಂದೆ ಕೂರಿಸ್ತೀನಿ, ಕ್ಯಾನಿನ ಜೊತೆ."

"ನಿಮ್ಮಪ್ಪನದಾ ಬಸ್ಸು?"

"ನಮ್ಮಪ್ಪ ಚೌಧರಿ. ನಿಮ್ಮಪ್ಪ ಕಂಬ ಹತ್ತೋನು."

ಸಾಸಿವೆ ಹೂ ಬಿಟ್ಟಿದ್ದಾಗ, ಒಂದು ಮಧ್ಯಾಹ್ನ, ಬಸ್ಸಿನ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ಅವರ ಜೀಪು ಮರಳಿನಲ್ಲಿ ಹೂತುಕೊಂಡಿತ್ತು. ಡ್ರೈವರನ್ನು ಅಲ್ಲೇ ಬಿಟ್ಟು, ಕೈಯಲ್ಲಿ ಬೂಟು ಹಿಡಿದು, ಪ್ಯಾಂಟು ಮಡಿಚಿಕೊಂಡು ನಡೆದು ಬಂದರು. ಚೌಧರಿಯ ಬೈಠಕಿನಲ್ಲಿ, ಅಂದರೆ ಗಂಡಸರು ಹುಕ್ಕಾ ಸೇದಲು ಕೂಡುವ ಹೊರಪಡಸಾಲೆಯಲ್ಲಿ, ಅವರಿಗೆ ಮಂಚ ಹಾಕಿ, ಹಿತ್ತಾಳೆ ಲೋಟದಲ್ಲಿ ಹಾಲು ಕೊಟ್ಟರು. ಸಾಹೇಬರು ಪುಸ್ತಕದ ಹಿಂದಿಯಲ್ಲಿ ಏನೋ ಕೇಳಿದರು, ಮುದುಕರು ತಮ್ಮ ಮಾತಿನಲ್ಲಿ ಏನೋ ಹೇಳಿದರು. ಎರಡೂ ಒಂದಕ್ಕೊಂದು ಸೇರಲಿಲ್ಲ. ಅವರು ಬೇಸರದಿಂದ ತಮಗೆ ತಾವೇ, "ಒಳ್ಳೇ ಗ್ರಹಚಾರ," ಎಂದುಕೊಂಡರು.

ಕನ್ನಡ! ನಾನು ಬಾಗಿಲ ಹತ್ತಿರ ನಿಂತಿದ್ದವನು ಹಾಗೇ ಒಳನುಗ್ಗಿದೆ.

"ಸಾರ್, ನಾವೂ ಕನ್ನಡದೋರು."

ಅವರು ಲೋಟ ಕೆಳಗಿಟ್ಟರು. "ಏನಪ್ಪಾ! ಈ ಮರಳುಗಾಡಲ್ಲಿ ಎಲ್ಲಿಂದ ಬಂದ್ಯೋ ನೀನು? ಬಾ, ಕೂತ್ಕೋ ಇಲ್ಲಿ." ಅವರು ಮೈಸೂರಿನವರು, ದೆಹಲಿಗೆ ಹೊಸಬರು. ನನ್ನನ್ನು ತಮ್ಮ ಪಕ್ಕದಲ್ಲಿ ಮಂಚದ ಮೇಲೆಯೇ ಕೂರಿಸಿಕೊಂಡರು. ಮುದುಕರೆಲ್ಲ ನೆಲದ ಮೇಲೂ ಮೋಢಾ ಎಂಬ ಗಿಡ್ಡ ಬೆತ್ತದ ಪೀಠಗಳ ಮೇಲೂ ಕೂತಿದ್ದರು. ನನಗಿಂತ ಎತ್ತರದಲ್ಲಿ ಆ ಹೊತ್ತು ಯಾರೂ ಇರಲಿಲ್ಲ.

"ನೋಡು ಮರಿ," ಎಂದರು, "ಜನ ಜಾಸ್ತಿ ಇರೋ ಊರಿಗೆ ಬಸ್ಸು ಬಿಡ್ತೀವಿ. ಹಳೇ ಲೆಕ್ಕ ನಂಬೋ ಹಾಗಿಲ್ಲ. ಈಗ ಈ ಊರಲ್ಲಿ ಒಟ್ಟು ಎಷ್ಟು ಜನ ಇದಾರೆ, ಕೇಳು."

ನಾನು ಚೌಧರಿಯ ಕಡೆ ತಿರುಗಿ, ಕಲಿತಿದ್ದನ್ನೆಲ್ಲ ತೋರಿಸುವ ಹುಮ್ಮಸ್ಸಿನಲ್ಲಿ ಕೇಳಿದೆ: "ತಾಊ, ಗಾಂವ್ ಮೇ ಕಿತಣೇ ಜಣೇ ಸೈ?"

ಎಷ್ಟು ಜನ ಎಂದದ್ದನ್ನು ಕಿತಣೇ ಜಣೇ, ಎಷ್ಟು ಗಂಡಸರು, ಎಂದು ಮಾಡಿದೆ. ಇಷ್ಟರ ಮಟ್ಟಿಗೆ ಅದು ತಪ್ಪು ಮಾತ್ರ. ಕನ್ನಡದ ಯಾವ ಹುಡುಗನಾದರೂ ಮಾಡಬಹುದಾಗಿದ್ದ ತಪ್ಪು.

ಮುದುಕರು ಮನೆ ಮನೆಯಾಗಿ ಎಣಿಸತೊಡಗಿದರು. ಇಪ್ಪತ್ತಕ್ಕೆ ಒಂದು ಬೀಸಿ. ಅವರ ಲೆಕ್ಕವೆಲ್ಲ ಬೀಸಿಯಲ್ಲಿಯೇ. ಬಸ್ಸಿಗಾಗಿ ಎಂದು ಗೊತ್ತಿದ್ದುದರಿಂದ ಧಾರಾಳವಾಗಿ ಎಣಿಸಿದರು. ಗಡಿಯಲ್ಲಿದ್ದ ಸೈನಿಕರನ್ನು ಸೇರಿಸಬೇಕೇ ಎಂದು ಒಬ್ಬ ಕೇಳಿದ. "ಯಾಕೆ, ಫೌಜಿಗೆ ಹೋದ್ರೆ ಜಣಾ ಅಲ್ವಾ?" ಎಂದು ಇನ್ನೊಬ್ಬ ರೇಗಿದ. ಅವರೂ ಸೇರಿದರು. ತೊಟ್ಟಿಲಲ್ಲಿದ್ದ ಗಂಡುಕೂಸು ಸೇರಿತು. ಹಾಸಿಗೆ ಹಿಡಿದಿದ್ದ ಒಬ್ಬ ಮುದುಕನ ವಿಷಯ ಬಂದಾಗ, "ಅವನು ಬಸ್ಸು ಬರೋದ್ರೊಳಗೆ ಹೋಗ್ತಾನೆ," ಎಂದು ಯಾರೋ ಅಂದರು. "ಹೋಗೋತನಕ ಇದಾನಲ್ಲ, ಸೇರ್ಸು," ಎಂದ ಚೌಧರಿ. ನಗು ಎದ್ದಿತು. "ಎಮ್ಮೆಗಳನ್ನೂ ಸೇರಿಸಿದ್ರೆ ಇನ್ನೂ ನಾಲ್ಕು ಬೀಸಿ," ಎಂದ ಹುಕ್ಕಾ ಹಿಡಿದವನು.

ಅಷ್ಟರಲ್ಲಿ ನನಗೆ ತಿಳಿದುಹೋಗಿತ್ತು. ಚೌಧರಿಯ ಮನೆಗೆ ಎರಡು ಎಂದರು: ಅವನು, ಅವನ ಮಗ. ಆ ಮನೆಯಲ್ಲಿ ನಾನು ದಿನವೂ ಕಾಣುತ್ತಿದ್ದ ಉಳಿದವರು ಯಾರೂ ಲೆಕ್ಕದಲ್ಲಿ ಇರಲಿಲ್ಲ.

ತಲೆ ಎತ್ತಿದೆ. ಬೈಠಕಿನ ಎದುರಿನ ಮಾಳಿಗೆಯ ಮೇಲೆ ಬೆರಣಿ ಒಟ್ಟಿದ್ದರು. ಅದರ ಮರೆಯಲ್ಲಿ ಭತೇರಿ ನಿಂತಿದ್ದಳು. ಹೆಣ್ಣುಮಕ್ಕಳು ಬೈಠಕಿಗೆ ಬರುವಂತಿರಲಿಲ್ಲ. ಅವಳು ಮೇಲಿಂದ ಎಲ್ಲವನ್ನೂ ಕೇಳುತ್ತಿದ್ದಳು. ನನ್ನನ್ನು ನೋಡಿ ಅಂಗೈಯನ್ನು ತನ್ನ ಎದೆಗೆ ಬಡಿದುಕೊಂಡಳು. ಹುಬ್ಬು ಮೇಲೆತ್ತಿದಳು. ನಾನು? ಇನ್ನೊಮ್ಮೆ ಬಡಿದುಕೊಂಡಳು.

ಆಗಲೇ ಚೌಧರಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. "ಈ ಮದರಾಸಿನೂ ಬರ್ಕೊಳ್ಳಿ. ಸಾಹೇಬರ ಜೊತೆ ಸಾಹೇಬರ ಹಾಗೆ ಮಾತಾಡ್ತಾನೆ. ಇವನೂ ಜಣಾ! ಇವರಪ್ಪ ಒಬ್ಬ, ಇವನೊಬ್ಬ. ಆಯ್ತು, ಏಳು ಬೀಸಿ."

ಮುದುಕರು ಹೋ ಎಂದು ನಕ್ಕರು. ಹುಕ್ಕಾ ಹಿಡಿದವನು ಅದರ ನಳಿಗೆಯನ್ನು ತಮಾಷೆಗೆ ನನ್ನ ಕಡೆ ತಿರುಗಿಸಿದ. ಆ ನಗು ನನ್ನ ಮೈಯೊಳಗೆಲ್ಲ ಇಳಿದದ್ದು ಈಗಲೂ ನೆನಪಿದೆ. ಅಲ್ಲಿಗೆ ಹೋದ ದಿನದಿಂದ ನಾನು ಕರಿಯ, ಮದರಾಸಿ, ಅನ್ನ ತಿನ್ನುವವನು. ಆ ದಿನ ಲೆಕ್ಕಕ್ಕೆ ಬಂದಿದ್ದೆ.

"ಏಳು ಬೀಸಿ ಅಂದ್ರೆ ನೂರಾ ನಲವತ್ತು ಸಾರ್," ಎಂದೆ.

ಸಾಹೇಬರು ಹುಬ್ಬು ಗಂಟಿಕ್ಕಿದರು. "ಅಷ್ಟೇನಾ? ದೂರದಿಂದ ನೋಡಿದ್ರೆ ದೊಡ್ಡ ಊರು ಅನ್ನಿಸ್ತು." ಆಮೇಲೆ ನನ್ನ ಕಡೆ ಬಾಗಿ ಕೇಳಿದರು: "ಎಲ್ಲ ಸೇರಿ ತಾನೆ? ಹೆಂಗಸರು, ಮಕ್ಕಳು?"

ಈ ಪ್ರಶ್ನೆಯನ್ನು ನಾನು ಚೌಧರಿಗೆ ತಿಳಿಸಲಿಲ್ಲ. ಆ ಬೈಠಕಿನಲ್ಲಿ, ಈಗತಾನೇ ಜಣಾ ಎನಿಸಿಕೊಂಡ ಬಾಯಲ್ಲಿ, ಹೆಂಗಸರು ಎಷ್ಟು ಎಂದು ಕೇಳಿದರೆ ಅದೇ ಮುದುಕರು ನನ್ನನ್ನು ನೋಡಿ ನಗುತ್ತಾರೆ ಎಂದು ಗೊತ್ತಿತ್ತು. ಮಾಳಿಗೆಯ ಕಡೆ ಮತ್ತೆ ನೋಡಲಿಲ್ಲ.

"ಹೂಂ ಸಾರ್," ಎಂದೆ. "ಎಲ್ಲ ಸೇರಿ."

ಅವರು ಬರೆದುಕೊಂಡರು. ನನ್ನ ತಲೆ ಸವರಿ, ಅಮ್ಮನ ಕೈಯ ಕಾಫಿ ಕುಡಿದು, ಬೂಟು ಹಿಡಿದುಕೊಂಡು ಹೋದರು. ಜೀಪನ್ನು ಮರಳಿನಿಂದ ಎತ್ತಲು ಹತ್ತು ಹದಿನೈದು ಜಣೇ ಹೋಗಿದ್ದರು. ನಾನೂ ಕೈಹಾಕಿದೆ.

ಮರುದಿನ ಗೋಡೆಯ ಬುಡದಲ್ಲಿ ಭತೇರಿ ಕಲ್ಲು ತೆಗೆಯಲಿಲ್ಲ.

"ನಿನ್ನೆ ನನ್ನ ನೋಡಿದ್ಯಲ್ಲ?"

"ಇಲ್ಲ."

"ನೋಡಿದೆ."

"ಬಿಸಿಲು ಕಣ್ಣಿಗೆ ಹೊಡೀತಿತ್ತು."

ಬೈಠಕಿನ ಬಾಗಿಲು ಉತ್ತರಕ್ಕೆ. ಅಲ್ಲಿ ಬಿಸಿಲು ಬೀಳುವುದೇ ಇಲ್ಲ. ಅದು ಅವಳ ಮನೆ, ಅವಳಿಗೆ ಗೊತ್ತಿಲ್ಲವೇ? ಅವಳು ಎದ್ದು ಹೋದಳು.

ಹೋಳಿಯ ಹೊತ್ತಿಗೆ ಟಾಂಗಾದವನು ಸುದ್ದಿ ತಂದ. ಬಸ್ಸು ನಾಲೆಯಾಚೆಯ ಊರಿಗಂತೆ. ಅದು ನಮ್ಮದಕ್ಕಿಂತ ಚಿಕ್ಕ ಊರು, ನಮ್ಮೂರಿನಿಂದ ಅಲ್ಲಿಗೆ ನಡೆಯುವುದೂ ಪೇಟೆಗೆ ನಡೆಯುವಷ್ಟೇ ದೂರ. ಚೌಧರಿ ದಿನವೆಲ್ಲ ಬೈದ. "ಅಷ್ಟು ಜಣೇ ಅವರಲ್ಲಿ ಎಲ್ಲಿದಾರೆ? ಸುಳ್ಳು ಹೇಳಿದಾರೆ. ನಾವು ಸತ್ಯ ಹೇಳಿ ಕೆಟ್ವಿ." ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಕೊಟ್ಟ ಮಾತಿಗೆ ತಪ್ಪುವವನಲ್ಲ ಅವನು. ಬಸ್ಸು ಬಂದಿದ್ದರೆ ಮಗಳನ್ನು ಕಳಿಸುತ್ತಿದ್ದ ಎಂದು ಈಗಲೂ ನಂಬುತ್ತೇನೆ. ಅವನಿಗೆ ಸರಿಯಾದ ಲೆಕ್ಕ ಹೇಳಲು ಆಗಲೂ ಹೊತ್ತು ಮೀರಿರಲಿಲ್ಲ. ಅಪ್ಪನಿಂದ ಬಸ್ಸಿನ ಕಚೇರಿಗೆ ಒಂದು ಕಾಗದ ಬರೆಸಬಹುದಿತ್ತು. ನಾನು ಬರೆಸಲಿಲ್ಲ.

ಬೇಸಿಗೆಯಲ್ಲಿ ಅಮ್ಮ ಅವರ ಮನೆಯಿಂದ ಮಜ್ಜಿಗೆ ತಂದವಳು ಅಡಿಗೆಮನೆಯಿಂದಲೇ ಹೇಳಿದಳು: "ಸಾಕಮ್ಮನ ಬರೆಯೋ ಹಲಗೇನ ಮಜ್ಜಿಗೆ ಗಡಿಗೆಗೆ ಮುಚ್ಚಿದಾರೆ ಕಣೋ. ಅವಳೇ ತೆಗೆದು ನಂಗೆ ಮಜ್ಜಿಗೆ ಹಾಕಿದ್ಲು." ನಾನು ಊಟ ಮಾಡುತ್ತಿದ್ದೆ. ಆ ಮಜ್ಜಿಗೆಯನ್ನೇ ಅನ್ನಕ್ಕೆ ಹಾಕಿಸಿಕೊಂಡು ಉಂಡೆ.

ಮುಂದಿನ ವರ್ಷದಿಂದ ನಾನು ಟಾಂಗಾದಲ್ಲಿ ಹಾಲಿನ ಕ್ಯಾನುಗಳ ನಡುವೆ ಕೂತು ಪೇಟೆಯ ಶಾಲೆಗೆ ಹೋದೆ. ಅದರಲ್ಲೇ ಹೋಗಿ ಹೈಸ್ಕೂಲು ಮುಗಿಸಿದೆ. ಅಷ್ಟರಿಂದಲೇ ನನಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಭತೇರಿಗೆ ನನ್ನ ಏಳನೆಯ ತರಗತಿಯಲ್ಲಿ ಮದುವೆಯಾಯಿತು. ರೋಹ್ಟಕ್ ಕಡೆಯ ಊರಿಗೆ ಎತ್ತಿನ ಗಾಡಿಯಲ್ಲಿ ಹೋದಳು. ನಾವು ಕ್ವಾರ್ಟರ್ಸಿಗೆ ಹೋದೆವು. ಆಮೇಲೆ ಹೊಲಗಳು ಹೋದವು, ಮರಳುದಾರಿ ಹೋಯಿತು, ಸೆಕ್ಟರುಗಳು ಬಂದವು. ಊರು ನಾಲ್ಕು ಕಡೆಯಿಂದಲೂ ಕಟ್ಟಡಗಳ ನಡುವೆ ಸಿಕ್ಕಿಕೊಂಡು ಹಾಗೇ ಉಳಿದಿದೆ.

ಹೋದ ಚಳಿಗಾಲ ಒಂದು ಬೆಳಿಗ್ಗೆ ಮೊಮ್ಮಗಳು ಕಾಲೇಜಿಗೆ ಹೊರಟಿದ್ದಳು. ಚಿಲ್ಲರೆ ಬೇಕಾ ಎಂದು ಕೇಳಿದೆ. "ತಾತಾ, ಬಸ್ಸಲ್ಲಿ ಲಡ್ಕಿಯೋಂಗೆ ಫ್ರೀ ಅಲ್ವಾ. ಪಿಂಕ್ ಟಿಕೆಟ್! ಚಲೋ, ಬಾಯ್," ಎಂದು ಓಡಿದಳು. ಹಾಲಿನ ಭಯ್ಯಾ ಬಾಗಿಲಲ್ಲಿದ್ದ. ಅವನು ಚೌಧರಿಯ ಮಗನ ಮೊಮ್ಮಗ. ಎಂದೂ ಕೇಳದ ನಾನು ಅಂದು ಭತೇರಿಯ ಬಗ್ಗೆ ಕೇಳಿದೆ.

"ಬುವಾ, ನಮ್ಮ ತಾತನ ಅಕ್ಕ? ಗಂಡ ಸತ್ತ ಮೇಲೆ ಇಲ್ಲೇ ನಮ್ಮನೇಲೇ ಇದಾಳಲ್ಲ ಅಂಕಲ್."

ರಸ್ತೆ ದಾಟಿದರೆ ಇದ್ದಳು. ನಾನು ಬಲ್ಲ ಮನೆಯಲ್ಲಿ, ನಾಲ್ಕು ಮಹಡಿಯಾಗಿದ್ದ ಆ ಮನೆಯ ಬಾಗಿಲಲ್ಲಿ, ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ನನ್ನ ಗುರುತು ಸಿಗಲು ಸ್ವಲ್ಪ ಹೊತ್ತಾಯಿತು. ಆಮೇಲೆ, "ಮದರಾಸಿ! ಹಲ್ಲೆಲ್ಲ ಎಲ್ಲೋ?" ಎಂದಳು. ಒಂದು ಹಿಡಿ ಬಟಾಣಿ ನನ್ನ ಮುಂದೂ ಹಾಕಿದಳು. ಇಬ್ಬರೂ ಸುಲಿದೆವು. ಅವಳ ಮಕ್ಕಳು, ನನ್ನ ಮಕ್ಕಳು, ಮಂಡಿನೋವು ಎಲ್ಲ ಆಯಿತು.

ಆಮೇಲೆ, ಆ ದಿನ ಮಾಳಿಗೆಯ ಮೇಲೆ ಅವಳನ್ನು ನೋಡಿದ್ದೆ ಎಂದು ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನೀನು ನೋಡಿದ್ದು ನಂಗೆ ಗೊತ್ತು. ಇದನ್ನ ಹೇಳೋಕೆ ಈ ವಯಸ್ಸಲ್ಲಿ ಬಂದ್ಯಾ? ಚಿಕ್ಕ ಹುಡುಗ. ದೊಡ್ಡೋರು ನಕ್ಕರು, ನೀನೂ ನಕ್ಕೆ."

"ಅದಲ್ಲ," ಎಂದೆ. "ಸಾಹೇಬರು ಕೊನೇಲಿ ಕನ್ನಡದಲ್ಲಿ ಒಂದು ಮಾತು ಕೇಳಿದ್ರು. ಹೆಂಗಸರೂ ಮಕ್ಕಳೂ ಎಲ್ಲ ಸೇರಿದಾರಾ ಅಂತ. ಸೇರಿದಾರೆ ಅಂದೆ."

ಈಗ ಅವಳ ಕೈ ನಿಂತಿತು.

"ಕೇಳಿದ್ನಾ?"

"ಕೇಳಿದ್ರು."

"ಹೆಂಗಸರು ಅಂತ ಬಾಯಿ ಬಿಟ್ಟು ಕೇಳಿದ್ನಾ?"

"ಹೂಂ."

ಬೀದಿಯಲ್ಲಿ ಇ-ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು.

"ನಾನು ಇಷ್ಟು ವರ್ಷ, ಯಾರೂ ಕೇಳಲೇ ಇಲ್ಲ ಅಂದ್ಕೊಂಡಿದ್ದೆ," ಎಂದಳು. "ಯಾರೂ ಕೇಳದೇ ಇದ್ರೆ ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು? ಲೋಕ ಹಾಗೇ ಅಂದ್ಕೊಂಡು ಸುಮ್ಮನಿದ್ದೆ." ಬಟಾಣಿಯ ಸಿಪ್ಪೆಯನ್ನೆಲ್ಲ ಗುಡಿಸಿ ಒಂದು ಕಡೆ ಮಾಡಿದಳು. "ಆವತ್ತು ನೀನು ಜಣಾ ಆಗ್ಬಿಟ್ಟೆ."

ಹಗುರವಾಗಲು ಹೋಗಿದ್ದೆ. ನನ್ನಲ್ಲಿದ್ದುದನ್ನು ಅವಳ ಮಡಿಲಿಗೆ ಹಾಕಿ ಎದ್ದಂತಾಯಿತು. ಕ್ಷಮಿಸು ಎಂದು ಹೇಳಲು ಆ ಊರಿನ ಮಾತಿನಲ್ಲಿ ಏನೆನ್ನಬೇಕೋ ಅದನ್ನು ಅವಳು ನನಗೆ ಕಲಿಸಿರಲಿಲ್ಲ. ಹಿಂದಿಯಲ್ಲಿ ಹೇಳಿದೆ. ಅವಳು ಕೈಯಾಡಿಸಿದಳು, ಹೋಗಲಿ ಎಂದೋ, ನೊಣ ಓಡಿಸಲೋ ತಿಳಿಯಲಿಲ್ಲ.

ನನ್ನನ್ನು ಬಸ್ ಸ್ಟಾಪಿನವರೆಗೆ ಕಳಿಸಲು ಬಂದಳು, ಒಂದು ಕೈ ಮಂಡಿಯ ಮೇಲಿಟ್ಟುಕೊಂಡು. ರಸ್ತೆ ದಾಟಿದರೆ ನನ್ನ ಮನೆ ಎಂದು ಹೇಳಲು ಮನಸ್ಸಾಗಲಿಲ್ಲ. ಒಂದರ ಹಿಂದೊಂದು ಬಸ್ಸುಗಳು ಬರುತ್ತಿದ್ದವು.

"ಇದು ಪೇಟೆ ಕಡೆ ಹೋಗುತ್ತಾ?" ಎಂದು ಕೇಳಿದಳು. "ಆ ಶಾಲೆ ಹತ್ರ?"

"ಆ ಕಡೆ ಹೋಗುತ್ತೆ. ಶಾಲೆ ಇಲ್ಲ. ಅಲ್ಲಿ ಈಗ ಮೆಟ್ರೋ ಕಂಬ."

"ನಿನ್ನದೂ ಇಲ್ವಾ?"

"ನನ್ನದು ಇದೆ. ಹೆಣ್ಣುಮಕ್ಕಳದ್ದು ತೆಗೆದ್ರು."

ಅವಳು ಒಂದು ಸಲ ಬಸ್ಸಿನ ಕಿಟಕಿಗಳ ಕಡೆ ನೋಡಿದಳು. ಅರ್ಧದಷ್ಟು ಖಾಲಿ ಇದ್ದವು. "ಹಾಗಾದ್ರೆ ನೀನು ಹೋಗು," ಎಂದು ತಿರುಗಿ ನಡೆದಳು.

ಹೋಗಬೇಕಾದ ಊರು ಯಾವುದೂ ಇಲ್ಲದೆ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟ್ ಕಟ್ಟಿನ ಮೇಲೆ ಬೆರಳಿಟ್ಟುಕೊಂಡು, "ಕಿತ್ನೇ ಜನೇ, ತಾಊ?" ಎಂದ.

ಹಿಂದಕ್ಕೆ ನೋಡಿದೆ. ಅವಳು ಊರಿನ ಗಲ್ಲಿಯೊಳಗೆ ಹೋಗಿಯಾಗಿತ್ತು.

"ಒಬ್ಬನೇ," ಎಂದೆ.